ಕಿಟಕಿ ಸೀಟಿನ ಫೈಟು

ಅಕ್ಕನ ಎದೆಗೆ ಇನ್ನೊಂದು ಸಲ ಚಳಿ ಹೊಕ್ಕರೆ ತನ್ನ ಕೈಯಲ್ಲೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದು ಒಂದೇ ಸಲ. ಅದನ್ನು ಬೀಳಪ್ಪ ಆಸ್ಪತ್ರೆಯ ಗೇಟಿನಿಂದ ರೈಲಿನ ಬಾಗಿಲಿನವರೆಗೆ ಇಪ್ಪತ್ತು ಸಲ ಹೇಳಿದ್ದ. ಅದೂ ಬೇರೆ ಬೇರೆ ದನಿಯಲ್ಲಿ. ಒಮ್ಮೆ ಸಾಯುವ ಅಪ್ಪನ ಪಾತ್ರದ ಹಾಗೆ ಗದ್ಗದವಾಗಿ, ಒಮ್ಮೆ ಖಳನಾಯಕನ ಹಾಗೆ ಹಲ್ಲು ಕಡಿದು.

“ಸಾಕು ಮಾಡೋ,” ಅಂದಳು ಅಕ್ಕ. “ಚಳಿಗಿಂತ ಮುಂಚೆ ನಿನ್ನ ಡೈಲಾಗೇ ನನ್ನ ಪ್ರಾಣ ತೆಗೆಯುತ್ತೆ.”

ಬೀಳಪ್ಪನ ಕಸುಬು ಬೀಳುವುದು. ಸಿನಿಮಾದಲ್ಲಿ ಹೀರೋ ಮಾಳಿಗೆಯಿಂದ ಹಾರಿದರೆ ನಿಜಕ್ಕೂ ಹಾರುವವನು ಇವನು. ಹೀರೋ ಒದ್ದರೆ ಒದೆಸಿಕೊಂಡು ಗಾಜಿನ ಬಾಗಿಲನ್ನು ಪುಡಿ ಮಾಡಿಕೊಂಡು ಆಚೆ ಹೋಗುವವನೂ ಇವನೇ. ಹನ್ನೊಂದು ವರ್ಷದಲ್ಲಿ ಅವನ ಮುಖ ಒಮ್ಮೆಯೂ ಪರದೆ ಮೇಲೆ ಬಂದಿಲ್ಲ, ಬೆನ್ನು ಮಾತ್ರ ಭಾರಿ ಫೇಮಸ್ಸು. ಡೈಲಾಗು ಒಂದೂ ಸಿಕ್ಕಿಲ್ಲ. “ಆಆಆ” ಅನ್ನುವುದನ್ನು ಡೈಲಾಗಿನ ಲೆಕ್ಕಕ್ಕೆ ಸೇರಿಸಿದರೆ ಅವನಷ್ಟು ಮಾತಾಡಿದ ನಟ ಇನ್ನೊಬ್ಬನಿಲ್ಲ.

ಬೀಳುವಾಗ ಮೊಣಕೈಗೆ, ಮೊಣಕಾಲಿಗೆ, ನಡುವಿಗೆ ಕಟ್ಟಿಕೊಳ್ಳುವ ಹತ್ತಿಯ ಮೆತ್ತೆಗಳನ್ನು ಹೊಲಿದುಕೊಡುವವಳು ಅಕ್ಕ. ಹನ್ನೊಂದು ವರ್ಷ ತಮ್ಮನ ಮೂಳೆ ಕಾದವಳು. ಹತ್ತಿಯ ಧೂಳು ಕುಡಿದು ಕುಡಿದು ಮೊದಲೇ ಸೋತಿದ್ದ ಎದೆಗೆ ಈ ಸಲ ನ್ಯುಮೋನಿಯಾ ಹಿಡಿದು ಮೂರು ವಾರ ಮಂಚ ಬಿಟ್ಟೇಳಲಿಲ್ಲ. ಈಗ ಊರಿಗೆ ವಾಪಸ್ಸು. ಮಲಗುವ ಬೋಗಿಯಲ್ಲಿ ಜಾಗ ಸಿಗಲಿಲ್ಲ. ಸಿಕ್ಕಿದ್ದು ಕೂರುವ ಬೋಗಿ: ಮೂರು ಜನರ ಬೆಂಚು, ಶಿಕ್ಷೆ ಕೊಟ್ಟ ಹಾಗೆ ನೆಟ್ಟಗಿರುವ ಬೆನ್ನು, ಬೆಳಗಿನವರೆಗೆ ಹನ್ನೆರಡು ಗಂಟೆ. ಆದರೂ ಬೀಳಪ್ಪ ಕ್ಯೂನಲ್ಲಿ ನಿಂತು ಜಗಳವಾಡಿ ಕಿಟಕಿ ಪಕ್ಕದ ಮೂಲೆ ಸೀಟೇ ಬೇಕೆಂದು ತೆಗೆಸಿದ್ದ. ತಲೆ ಒರಗಿಸಲು ಗೋಡೆ ಸಿಗುತ್ತದೆ, ಮೂಲೆ ಅಂದರೆ ಬೆಚ್ಚಗೆ ಎಂದು ಅವನ ನಂಬಿಕೆ.

ಚಳಿಯ ವಿಷಯದಲ್ಲಿ ಅವನೇನು ದಡ್ಡನಲ್ಲ. ಕೊರೆಯುವ ಬೆಳಗಿನಲ್ಲಿ ನದಿಗೆ ಹಾರಿ, ಒದ್ದೆ ಬಟ್ಟೆಯಲ್ಲೇ ಮುಂದಿನ ಟೇಕ್‌ಗೆ ಕಾದು ಕಾದು ಕಲಿತ ವಿದ್ಯೆ ಅದು. ಅಕ್ಕನ ಸ್ವೆಟರಿನ ಒಳಗೆ ಹಿಂದೆ ಮುಂದೆ ನ್ಯೂಸ್ ಪೇಪರ್ ತುರುಕಿದ. ಎದೆಯ ಮೇಲೆ ಮದುವೆ ಜಾಹೀರಾತು ಬಂತು, ಬೆನ್ನ ಮೇಲೆ ಆಟದ ಪುಟ. ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ. ಚಳಿ ನೆಲದಿಂದಲೇ ಹತ್ತುವುದು, ಹಾಗಾಗಿ ಪಾದ ನೆಲಕ್ಕೆ ತಾಗದಂತೆ ಕೆಳಗೆ ಬ್ಯಾಗು. ಕಂಬಳಿಯನ್ನು ಸುಮ್ಮನೆ ಮೇಲೆ ಹೊದಿಸಲಿಲ್ಲ. ಮೊದಲು ಕುಂಡೆ ಕೆಳಗೆ ಹಾಸಿ, ಆಮೇಲೆ ಪಾದದ ಅಡಿಯಿಂದ ಮಡಚಿ ಲಕೋಟೆ ಮಾಡಿದ. ಟೀ ಮಾರುವವನನ್ನು ಕಾಡಿ ಬೇಡಿ ಬಾಟಲಿಗೆ ಬಿಸಿನೀರು ತುಂಬಿಸಿ, ಟವೆಲು ಸುತ್ತಿ ಮಡಿಲಲ್ಲಿಟ್ಟ. ಮೂಗಿಗೆ ಮಫ್ಲರ್. ಕಿಟಕಿಯ ಸಂದಿಗೆ ಅವನದೇ ಹಳೇ ಬನಿಯನ್ನು.

“ನನ್ನೇನು ಪಾರ್ಸೆಲ್ ಮಾಡ್ತಿದ್ದೀಯೇನೋ?” ಮಫ್ಲರಿನೊಳಗಿಂದ ಅಕ್ಕ ಕೇಳಿದಳು.

“ಅಡ್ರೆಸ್ ಒಂದು ಬರೆದ್ರೆ ಮುಗೀತು.”

ಎದುರು ಬೆಂಚಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ, “ಉತ್ತಮ ಪ್ಯಾಕಿಂಗ್,” ಎಂದು ಮಾರ್ಕು ಕೊಟ್ಟರು.

ಬೆಂಚಿನ ಮೂರನೇ ಸೀಟು, ಓಡಾಡುವ ದಾರಿಯ ಪಕ್ಕದ್ದು, ರೈಲು ಅಲ್ಲಾಡುವವರೆಗೂ ಖಾಲಿ ಇತ್ತು. ಅಲ್ಲಾಡಿದ ಮೇಲೆ ಒಬ್ಬ ಆಸಾಮಿ ಹತ್ತಿದ. ಮೈಯಲ್ಲ ಅದು, ಗೋಡೌನು. ಹೊರಗೆ ಚಳಿಗೆ ಜನ ಬಾಯಿಂದ ಹೊಗೆ ಬಿಡುತ್ತಿದ್ದರೆ ಇವನು ತೋಳಿಲ್ಲದ ಬನಿಯನ್ನಿನಲ್ಲಿ ಬೆವರುತ್ತಿದ್ದ. ಗೋಣಿಚೀಲವೊಂದನ್ನು ಧಡ್ ಎಂದು ಕೆಳಗೆಸೆದ. ಅದರೊಳಗೆ ಕಬ್ಬಿಣ ಖಣಖಣಿಸಿತು. ಕೂತ. ಬೆಂಚು ಅಯ್ಯೋ ಅಂದಿತು.

“ಐಸ್ ಫ್ಯಾಕ್ಟರಿ,” ಎಂದು ಯಾರೂ ಕೇಳದಿದ್ದರೂ ಹೇಳಿದ. “ಹದಿನೆಂಟು ವರ್ಷ. ಗಡ್ಡೆ ಎಳೆಯೋದು. ಈಗ ಇನ್ನೊಂದು ಊರಿನ ಫ್ಯಾಕ್ಟರಿಗೆ ಹೊರಟೆ.” ಆಮೇಲೆ ಸುತ್ತ ನೋಡಿ ಉಸಿರೆಳೆದ. “ಏನ್ರೀ ಇದು, ಇಡ್ಲಿ ಪಾತ್ರೆ ಒಳಗೆ ಕೂತ ಹಾಗಿದೆ. ಆ ಕಿಟಕಿ ತೆಗೀರಿ.”

“ಆಗಲ್ಲಣ್ಣ,” ಅಂದ ಬೀಳಪ್ಪ. “ಅಕ್ಕಂಗೆ ಹುಷಾರಿಲ್ಲ. ಆಸ್ಪತ್ರೆಯಿಂದ ಬರ್ತಾ ಇದ್ದೀವಿ.”

“ಅದಕ್ಕೇ ಹೇಳೋದು, ಒಳ್ಳೆ ಗಾಳಿ ಬೇಕು.”

“ಡಾಕ್ಟ್ರು ಬೇಡ ಅಂದಿದ್ದಾರೆ.”

“ಡಾಕ್ಟ್ರು ಈ ಬೋಗೀಲಿ ಕೂತಿದ್ದಾರಾ?”

ಒಂದು ಗಂಟೆ ಈ ಐಸಣ್ಣ ತಡೆದುಕೊಂಡ. ಅದೂ ದೊಡ್ಡ ಮಾತೇ. ಐವತ್ತು ಜನರ ಉಸಿರು, ಐವತ್ತು ಜೊತೆ ಬೂಟು, ಎಲ್ಲಾ ಕಿಟಕಿ ಬಂದ್. ಅವನ ಮುಖ ಕೆಂಪಾಯಿತು, ಬನಿಯನ್ನು ಮೈಗಂಟಿತು, ಉಸಿರು ಹಂಡೆಯ ನೀರು ಕುದಿದ ಹಾಗೆ ಕೇಳತೊಡಗಿತು. ಕಡೆಗೆ ಎದ್ದು, ಬೀಳಪ್ಪನ ತಲೆಯ ಮೇಲಿಂದ ಕೈ ಚಾಚಿ ಕಿಟಕಿಯ ಗಾಜನ್ನು ಸರ್ರನೆ ಮೇಲೆತ್ತಿದ. ಗಾಳಿ ಚೂರಿಯ ಹಾಗೆ ಬಂತು. ಬೀಳಪ್ಪ ಮುಚ್ಚಿದ. ಐಸಣ್ಣ ತೆಗೆದ. ಬೀಳಪ್ಪ ಮುಚ್ಚಿದ. ಮೇಷ್ಟ್ರು ಎಣಿಸುತ್ತಿದ್ದರು. ನಾಲ್ಕನೇ ಸಲಕ್ಕೆ ಅಕ್ಕ ಕೆಮ್ಮಿದಳು. ಒಣ ಕೆಮ್ಮು, ಹರಿದ ಬಟ್ಟೆಯನ್ನು ಮತ್ತೆ ಹರಿದ ಹಾಗೆ.

ಬೀಳಪ್ಪ ಎದ್ದು ನಿಂತ. ಹನ್ನೊಂದು ವರ್ಷ ಬೇರೆಯವರ ಡೈಲಾಗನ್ನು ನೆಲದ ಮೇಲೆ ಬಿದ್ದುಕೊಂಡು ಕೇಳಿದವನು. ಅವನ ಎದೆಯೊಳಗೆ ಡೈಲಾಗು ಕೊಳೆಯುತ್ತಿತ್ತು. ಕಾಲರ್ ಎತ್ತಿದ. ದನಿ ತಗ್ಗಿಸಿದ.

“ಕೇಳಿಸ್ಕೋ. ಈ ಕಿಟಕಿ ಬೆಳಗಾಗೋವರೆಗೂ ಮುಚ್ಚೇ ಇರುತ್ತೆ. ಇದನ್ನ ತೆಗೆಯೋಕೆ ಬಂದ ಕೈನ, ವಾಪಸ್ ಹೋಗುವಾಗ ಬೇರೆಯವರು ಹೊತ್ಕೊಂಡು ಹೋಗ್ತಾರೆ.”

ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಯಾರೋ “ಒನ್ಸ್ ಮೋರ್” ಅಂದರು. ಬೀಳಪ್ಪನಿಗೆ ರೋಮಾಂಚನ.

ಐಸಣ್ಣನಿಗೆ ಡೈಲಾಗು ಬರುತ್ತಿರಲಿಲ್ಲ. ಅವನು ಕೈ ಎತ್ತಿ ಕೆನ್ನೆಗೆ ಬೀಸಿದ.

ಆ ಕೈ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಬೀಳಪ್ಪ “ಆಆಆ” ಎಂದು ಗಾಳಿಯಲ್ಲಿ ಒಂದು ಸುತ್ತು ತಿರುಗಿ, ದಾರಿಯ ಆಚೆ ಬೆಂಚಿನ ಬೆನ್ನು ದಾಟಿ, ಮಲಗಿದ್ದವರೊಬ್ಬರ ಟಿಫಿನ್ ಕ್ಯಾರಿಯರ್ ಮೇಲೆ ಬಿದ್ದ. ಬಲು ಚೆಂದವಾಗಿ ಬಿದ್ದಿದ್ದ. ಫೈಟ್ ಮಾಸ್ಟರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಐಸಣ್ಣ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಅದು ಯಾರಿಗೂ ತಾಗಿರಲಿಲ್ಲ.

ಬೋಗಿ ಬಿದ್ದು ಬಿದ್ದು ನಕ್ಕಿತು.

“ಏಳೋ!” ಅಕ್ಕನ ದನಿ. “ಇಲ್ಲಿ ಕ್ಯಾಮೆರಾ ಇಲ್ಲ ಕಣೋ!”

ಅವಮಾನದಿಂದ ಕಿವಿ ಸುಟ್ಟುಕೊಂಡು ಬೀಳಪ್ಪ ಓಡಿ ಬಂದ. ಮುಷ್ಟಿ ಬಿಗಿದ, ಸೊಂಟದಿಂದ ತಿರುಗಿಸಿ ಪೂರ್ತಿ ಬಲ ಹಾಕಿ ಹೊಡೆದ. ಮುಷ್ಟಿ ಐಸಣ್ಣನ ಮೂಗಿನಿಂದ ಎರಡು ಬೆರಳು ಈಚೆ ಗಕ್ಕನೆ ನಿಂತಿತು. ಹನ್ನೊಂದು ವರ್ಷದ ಅಭ್ಯಾಸ. ಹೀರೋನ ಮುಖಕ್ಕೆ ತಾಗಿದರೆ ಕೆಲಸ ಹೋಗುತ್ತದೆ ಎಂದು ಆ ಕೈಗೆ ಗೊತ್ತು, ಮೆದುಳನ್ನು ಅದು ಕೇಳುವುದೂ ಇಲ್ಲ. ಇನ್ನೊಂದು ಕೈಯಲ್ಲಿ ಹೊಡೆದ. ಅದೂ ಅಲ್ಲೇ ನಿಂತಿತು.

ಐಸಣ್ಣ ಕಣ್ಣು ಮೆಳ್ಳೆ ಮಾಡಿ ಎರಡೂ ಮುಷ್ಟಿ ನೋಡಿದ. “ಏನಿದು? ಪ್ರದರ್ಶನಕ್ಕಿಟ್ಟಿದ್ದೀಯಾ?”

ಆಮೇಲೆ ಅವನು ಹೊಡೆದ.

ಈ ಸಲ ಬೀಳಪ್ಪನಿಗೆ ಹಾರಲು ಹೊತ್ತು ಸಿಗಲಿಲ್ಲ. ಸಿನಿಮಾದ ಏಟಿಗೆ ದೊಡ್ಡ ಸದ್ದಿರುತ್ತದೆ. ಇದಕ್ಕೆ ಸದ್ದೇ ಇರಲಿಲ್ಲ. ಒದ್ದೆ ಚೀಲ ನೆಲಕ್ಕಿಟ್ಟ ಹಾಗೆ ಪಚಕ್ ಅಂದಿತು ಅಷ್ಟೆ. ಮೂಗಿನೊಳಗೆ ಏನೋ ಮುರಿಯಿತು, ಬಾಯಿ ತುಂಬಾ ಬಿಸಿಯಾಗಿ ಉಪ್ಪುಪ್ಪಾಯಿತು. ನಾಲಿಗೆಗೆ ಒಂದು ಹಲ್ಲು ಸಡಿಲವಾಗಿ ಸಿಕ್ಕಿತು. ಎರಡನೇ ಏಟು ಪಕ್ಕೆಗೆ. ಮೂರನೆಯದು ಕಿವಿಗೆ. ಅಕ್ಕ ಹೊಲಿದ ಮೆತ್ತೆಗಳೆಲ್ಲ ಮೇಲಿನ ಟ್ರಂಕಿನಲ್ಲಿದ್ದವು. ಪಕ್ಕೆಯಲ್ಲಿ ಬರೀ ಪಕ್ಕೆ ಇತ್ತು.

ನಗು ನಿಂತಿತು. ಮೇಷ್ಟ್ರು, “ಸಾಕು, ಸಾಕು, ಬಿಡ್ರೀ,” ಎಂದು ಎದ್ದವರು ಐಸಣ್ಣ ತಿರುಗಿ ನೋಡಿದ ಕೂಡಲೇ ಕೂತರು.

ಐಸಣ್ಣ ಗಾಜನ್ನು ಪೂರ್ತಿ ಎತ್ತಿದ. ಗಾಳಿ ಬೋಗಿಯೊಳಕ್ಕೆ ನುಗ್ಗಿತು. ಅಕ್ಕ ಕಂಬಳಿಯಿಂದ ಕೈ ಹೊರಗೆ ತೆಗೆದು ಅವನ ಮಣಿಕಟ್ಟು ಹಿಡಿದಳು.

“ಲೇ ತಮ್ಮಾ, ಬೇಡ ಕಣೋ. ಉಸಿರಾಡೋಕೆ ಆಗ್ತಿಲ್ಲ ನಂಗೆ.”

“ನಂಗೂ ಆಗ್ತಿಲ್ಲಮ್ಮ!” ಐಸಣ್ಣ ಕೈ ಕೊಡವಿದ. ಬೇಕೆಂದು ಮಾಡಿದ್ದಲ್ಲ. ಆದರೆ ಮಂಜುಗಡ್ಡೆ ಎಳೆಯುವ ಕೈ ಅದು. ಅಕ್ಕನ ತಲೆ ಮೂಲೆಯ ಗೋಡೆಗೆ ಹೋಗಿ ಬಡಿಯಿತು. ಮಡಿಲ ಬಾಟಲಿ ಉರುಳಿ ಮುಚ್ಚಳ ಬಿಚ್ಚಿ, ಬಿಸಿನೀರೆಲ್ಲ ಕಂಬಳಿಯ ತುದಿಗೆ ಚೆಲ್ಲಿತು. ಅವಳ ಕೆಮ್ಮು ನಿಲ್ಲದೆ ಬರತೊಡಗಿತು. ತುಟಿ ನೀಲಿಯಾಯಿತು.

ಅದನ್ನು ನೋಡಿದ ಮೇಲೆ ಬೀಳಪ್ಪನ ತಲೆಯಿಂದ ಇದ್ದಬದ್ದ ಡೈಲಾಗೆಲ್ಲ ಹಾರಿಹೋಯಿತು. ಅವನು ಐಸಣ್ಣನ ಬೆನ್ನಿಗೆ ಜಿಗಿದು ಕಿವಿ ಕಚ್ಚಿದ.

ಕಚ್ಚುವುದನ್ನು ಯಾವ ಫೈಟ್ ಮಾಸ್ಟರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಅಭ್ಯಾಸ ಅಡ್ಡ ಬರಲಿಲ್ಲ. ಐಸಣ್ಣ ಕೂಗಿದ, ಗಿರ್ರನೆ ತಿರುಗಿದ, ಬೆನ್ನ ಮೇಲಿದ್ದವನನ್ನು ಸಾಮಾನಿಡುವ ಹಲಗೆಗೆ ಒಮ್ಮೆ, ಬೆಂಚಿನ ಅಂಚಿಗೆ ಒಮ್ಮೆ ಕುಟ್ಟಿದ. ಬೀಳಪ್ಪ ಬಿಡಲಿಲ್ಲ. ಮೂರನೇ ಸಲ ಕುಟ್ಟಿದಾಗ ಅವನ ಹಿಡಿತ ತಪ್ಪಿತು. ಐಸಣ್ಣ ಕಿವಿ ಮುಟ್ಟಿ ನೋಡಿಕೊಂಡ. ಬೆರಳೆಲ್ಲ ಕೆಂಪು. ಬಗ್ಗಿ ಗೋಣಿಚೀಲಕ್ಕೆ ಕೈ ಹಾಕಿದ.

ಹೊರಗೆ ಬಂದದ್ದು ಗಡ್ಡೆ ಎಳೆಯುವ ಕೊಕ್ಕೆ. ಮೊಳದುದ್ದದ ಕಬ್ಬಿಣ, ತುದಿ ಹದ್ದಿನ ಕೊಕ್ಕಿನ ಹಾಗೆ ಬಾಗಿ ಚೂಪಾಗಿತ್ತು.

“ಅಯ್ಯೋ ದೇವರೇ,” ಅಂದರು ಮೇಷ್ಟ್ರು. ಸುತ್ತಲಿನ ನಾಲ್ಕು ಬೆಂಚು ಒಂದೇ ಕ್ಷಣದಲ್ಲಿ ಖಾಲಿಯಾದವು. ಶಿಳ್ಳೆ ಹೊಡೆದವನು ಎಲ್ಲರಿಗಿಂತ ಮುಂದೆ ಓಡಿದ.

ಮೊದಲ ಬೀಸು ಕಿಟಕಿಯ ಮೇಲೆತ್ತಿದ್ದ ಗಾಜಿಗೆ ಬಿತ್ತು. ಗಾಜು ಸಿಡಿಯಿತು. ಇದು ಸಿನಿಮಾದಲ್ಲಿ ಇಡುವ, ಮುಟ್ಟಿದರೆ ಪುಡಿಯಾಗುವ ನಕಲಿ ಗಾಜಲ್ಲ. ಚೂರುಗಳು ಬೀಳಪ್ಪನ ಹಣೆಯನ್ನು ಗೀರಿ ಹೋದವು. ಇನ್ನು ಮುಚ್ಚೋಣವೆಂದರೂ ಮುಚ್ಚಲು ಏನಿಲ್ಲ. ಎರಡನೇ ಬೀಸಿಗೆ ಕೊಕ್ಕೆ ಅಕ್ಕನ ಕಂಬಳಿಗೆ ಸಿಕ್ಕಿಕೊಂಡಿತು. ಐಸಣ್ಣ ಬಿಡಿಸಿಕೊಳ್ಳಲು ಎಳೆದ. ಕಂಬಳಿ ಅಕ್ಕನ ಮೈಮೇಲಿಂದ ಜಾರಿತು. ಸ್ವೆಟರಿನಿಂದ ಹೊರಗೆ ಇಣುಕಿದ್ದ ಮದುವೆ ಜಾಹೀರಾತು ಗಾಳಿಗೆ ಪಟಪಟ ಅಂದಿತು. ಕಂಬಳಿ ಹೋಗುತ್ತದೆ ಎಂದು ಬೀಳಪ್ಪ ಅಡ್ಡ ಕೈ ಹಾಕಿದ. ಕೊಕ್ಕೆ ಕಂಬಳಿಯನ್ನು ಬಿಟ್ಟು ಅವನ ಮುಂಗೈ ಮಾಂಸದೊಳಗೆ ಹೊಕ್ಕಿತು.

ಒಂದು ಕ್ಷಣ ಇಬ್ಬರೂ ಸ್ತಬ್ಧ. ಒಂದು ತುದಿಯಲ್ಲಿ ಐಸಣ್ಣ, ಇನ್ನೊಂದು ತುದಿಯಲ್ಲಿ ಬೀಳಪ್ಪ, ನಡುವೆ ಕಬ್ಬಿಣ. ಐಸಣ್ಣನ ಮುಖದಲ್ಲೇ ಗಾಬರಿ ಕಂಡಿತು. ಆದರೆ ಹದಿನೆಂಟು ವರ್ಷ ಆ ಕೈ ಕಲಿತದ್ದು ಒಂದೇ: ಕೊಕ್ಕೆ ಸಿಕ್ಕರೆ ಎಳೆ. ಅವನು ಎಳೆದ.

ಬೀಳಪ್ಪನ ಕಣ್ಣಲ್ಲಿ ಕತ್ತಲೆ ಬಂತು. ಹೊಡೆಯಲು ತನ್ನಿಂದಾಗುವುದಿಲ್ಲ ಎಂದು ಆ ನೋವಿನಲ್ಲೇ ಅವನಿಗೆ ಹೊಳೆಯಿತು. ಮುಷ್ಟಿ ಎಲ್ಲಿ ಹೋದರೂ ಎರಡು ಬೆರಳು ಈಚೆಗೇ ನಿಲ್ಲುತ್ತದೆ. ಗೊತ್ತಿರುವುದು ಒಂದೇ ವಿದ್ಯೆ. ಎಳೆದ ಕಡೆಗೇ ಹೋದ. ಒಳ್ಳೆ ಕೈಯಲ್ಲಿ ಐಸಣ್ಣನ ಕುತ್ತಿಗೆಯನ್ನು ತಬ್ಬಿದ, ಕಾಲನ್ನು ಅವನ ಕಾಲಿಗೆ ಹೆಣೆದ, ಗದ್ದವನ್ನು ಎದೆಗೆ ಒತ್ತಿದ. ಮೂರು ಮಾಳಿಗೆಯ ಮೇಲಿಂದ ಬೀಳುವವನ ಹಾಗೆ ತನ್ನ ಇಡೀ ಭಾರವನ್ನು ಹಿಂದಕ್ಕೆ ಎಸೆದ.

ಗೋಡೌನು ಬುಡ ಕಿತ್ತು ಬಂತು.

ಬೀಳಪ್ಪನ ಮೈಗೆ ಬೀಳುವುದು ಗೊತ್ತಿತ್ತು. ಗಾಳಿಯಲ್ಲೇ ಹೊರಳಿತು, ಭುಜ ಮಡಚಿತು, ಅಂಗೈಯಿಂದ ನೆಲವನ್ನು ಫಟ್ಟನೆ ತಟ್ಟಿ ಪೆಟ್ಟನ್ನು ಚೆಲ್ಲಿತು. ಐಸಣ್ಣನಿಗೆ ಗೊತ್ತಿರಲಿಲ್ಲ. ಅವನು ಬಿದ್ದದ್ದು ಗಡ್ಡೆ ಬಿದ್ದ ಹಾಗೆ, ಇಡಿಯಾಗಿ. ಭುಜ ನೇರವಾಗಿ ಬೆಂಚಿನ ಕಬ್ಬಿಣದ ಕಾಲಿನ ಮೇಲೆ ಬಿತ್ತು. ಲಟಕ್ ಅಂತ ಒಂದು ಸದ್ದು ಬಂತು. ಒಣಗಿದ ಸೌದೆ ಮುರಿದ ಹಾಗೆ. ಬೀಳಪ್ಪನ ಮುಂಗೈಯಿಂದ ಕಳಚಿದ ಕೊಕ್ಕೆ ಬೆಂಚಿನಡಿಗೆ ಜಾರಿತು.

ಬೀಳಪ್ಪ ಎದ್ದು ನಿಂತ. ಬಿದ್ದ ಮೇಲೆ ಏಳಬೇಕು, “ಕಟ್” ಅನ್ನುವವರೆಗೆ ಕಾಯಬೇಕು. ಕಾದ. ಯಾರೂ ಅನ್ನಲಿಲ್ಲ. ರೈಲಿನ ಸದ್ದು, ಒಡೆದ ಕಿಟಕಿಯ ಗಾಳಿಯ ಸದ್ದು, ಅಕ್ಕನ ಕೆಮ್ಮು.

“ಆಯ್ತಣ್ಣ,” ಅಂದ ಮೂಗಿನ ರಕ್ತ ಒರೆಸಿಕೊಂಡು. “ಆಯ್ತು ಬಿಡು. ಏಳು.”

ಐಸಣ್ಣ ಏಳಲಿಲ್ಲ. ಕತ್ತಿನಿಂದ ಭುಜಕ್ಕೆ ಹೋಗುವ ಮೂಳೆ ಚರ್ಮದ ಕೆಳಗೆ ಎದ್ದು ನಿಂತಿತ್ತು, ಟೆಂಟಿನ ಕಂಬದ ಹಾಗೆ. ಮುಖ ಸುಣ್ಣ. ಹಲ್ಲು ಕಟಕಟ ಅನ್ನುತ್ತಿದ್ದವು.

“ಚಳಿ,” ಅಂದ ಆಶ್ಚರ್ಯದಿಂದ. “ಚಳಿ ಆಗ್ತಿದೆ ಕಣೋ.”

ಬೀಳಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಸಾವಿರ ಸಲ ಬಿದ್ದವನು ಅವನು, ಯಾರನ್ನೂ ಬೀಳಿಸಿದವನಲ್ಲ. ಬೆಂಚಿಗೆ ಕೈಯೂರಿ ಬಾಯಲ್ಲಿದ್ದ ಹಲ್ಲು ಉಗಿದ.

“ಏನು ನೋಡ್ತಾ ನಿಂತಿದ್ದೀರಿ ಎಲ್ಲಾ?” ಅಕ್ಕ ಕೆಮ್ಮಿನ ನಡುವೆ ಕೂಗಿದಳು. ಕೂಗು ಅಂದರೆ ಕೂಗಲ್ಲ, ತೂತಾದ ತಿದಿಯಿಂದ ಬಂದ ಗಾಳಿ. ಆದರೂ ಬೋಗಿಗೆ ಬೋಗಿಯೇ ಎದ್ದು ನಿಂತಿತು. “ಮೇಷ್ಟ್ರೇ, ಆ ಟ್ರಂಕ್ ಇಳಿಸಿ. ಅದರಲ್ಲಿ ಪಟ್ಟಿ ಇದೆ, ಮೆತ್ತೆ ಇದೆ. ನೀನು ಬಾರೋ ಇಲ್ಲಿ, ಮೊದಲು ಕೈ ತೋರಿಸು.”

ಅಕ್ಕ ಹೊಲಿಗೆಯವಳು, ಕಟ್ಟುವುದು ಗೊತ್ತು. ತಮ್ಮನ ಮುಂಗೈಗೆ ಒತ್ತಿ ಪಟ್ಟಿ ಸುತ್ತಿದಳು. ಐಸಣ್ಣನನ್ನು ನಾಲ್ಕು ಜನ ಸೇರಿ ಎತ್ತಿ ಕೂರಿಸಿದರು. ಅವನ ಕಂಕುಳಿಗೆ ಮೆತ್ತೆಯಿಟ್ಟು, ಕೈ ಮಡಚಿ, ತನ್ನ ಮಫ್ಲರಿನಿಂದ ಕತ್ತಿಗೆ ತೂಗುಹಾಕಿದಳು. ಅವನು ಒಂದು ಸಲ ಊಳಿಟ್ಟ. ಅಷ್ಟು ಹೊತ್ತೂ ಅವಳ ಬೆನ್ನಿಗೆ ಒಡೆದ ಕಿಟಕಿಯ ಗಾಳಿ ಹೊಡೆಯುತ್ತಿತ್ತು. ಬೀಳಪ್ಪ ಹಿಂದೆ ನಿಂತು ಕಂಬಳಿಯನ್ನು ಅಡ್ಡ ಹಿಡಿದ. ಕಂಬಳಿ ಹಾಯಿಯ ಹಾಗೆ ಉಬ್ಬಿ ಉಬ್ಬಿ ಬಂತು. ಒಂದೇ ಕೈಯಲ್ಲಿ ಅದು ನಿಲ್ಲಲಿಲ್ಲ. ಬೇರೆ ಬೆಂಚಿಗೆ ಹೋಗೋಣವೆಂದರೆ ಓಡಿಹೋದವರೆಲ್ಲ ಹೋಗಿ ಆಚೆಯ ಬೆಂಚುಗಳಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರು. ಇಲ್ಲಿ ಖಾಲಿಯಿದ್ದಲ್ಲೆಲ್ಲ ಗಾಜಿನ ಪುಡಿ.

ಅಕ್ಕ ಒಮ್ಮೆ ಕಿಟಕಿ ನೋಡಿದಳು. ಒಮ್ಮೆ ಐಸಣ್ಣನ ಬೆನ್ನು ನೋಡಿದಳು. ಎರಡರ ಅಳತೆಯನ್ನೂ ಕಣ್ಣಲ್ಲೇ ತೆಗೆದಳು.

“ಇವನನ್ನ ಮೂಲೆಗೆ ಕೂರಿಸಿ,” ಅಂದಳು. “ಕಿಟಕಿಗೆ ಬೆನ್ನು ಮಾಡಿ.”

ಕೂರಿಸಿದರು. ಗಾಳಿ ನಿಂತಿತು. ಟಪ್ ಅಂತ ಸ್ವಿಚ್ ಆರಿಸಿದ ಹಾಗೆ ನಿಂತಿತು. ಕಿಟಕಿ ಇದ್ದ ಜಾಗದಲ್ಲಿ ಈಗ ಬರೀ ಐಸಣ್ಣ ಇದ್ದ, ಬೆನ್ನ ಮೇಲೆ ನಾಲ್ವರು ಕೊಟ್ಟ ನಾಲ್ಕು ಕೋಟು ಹೊದ್ದುಕೊಂಡು. ಕೋಟಿನ ಸಂದಿಯಿಂದ ಕತ್ತಿಗೆ ಅಷ್ಟಿಷ್ಟು ತಂಗಾಳಿ ತಾಗಿತೇನೋ, ಹಲ್ಲು ಕಚ್ಚಿಕೊಂಡೇ ಒಂದು ಉದ್ದ ಉಸಿರೆಳೆದ. ಹತ್ತಿದ ಮೇಲೆ ಅದು ಅವನ ಮೊದಲ ಸಲೀಸಾದ ಉಸಿರು.

ಅಕ್ಕ ಮಧ್ಯದ ಸೀಟಿನಲ್ಲಿ ಕೂತಳು. ಒಂದು ಕಡೆ ಐಸಣ್ಣನೆಂಬ ಗೋಡೆ, ಇನ್ನೊಂದು ಕಡೆ ತಮ್ಮ. “ಇವನು ಹತ್ತಿದ ಕೂಡಲೇ ಸೀಟು ಬದಲಾಯಿಸ್ಕೊಂಡಿದ್ರೆ ಆಗ್ತಿರ್ಲಿಲ್ವೇನ್ರೋ, ಕತ್ತೆಗಳಾ?”

ಇಬ್ಬರೂ ನೆಲ ನೋಡಿದರು. ಮೇಷ್ಟ್ರೂ ನೋಡಿದರು. ಹೌದಲ್ಲ, ಅವರಿಗೂ ಹೊಳೆದಿರಲಿಲ್ಲ.

ಟಿಕೆಟ್ ಕಲೆಕ್ಟರ್ ಬಂದಾಗ ಬೂಟಿನ ಕೆಳಗೆ ಗಾಜು ಕರಕರ ಅಂದಿತು. ರಕ್ತ ನೋಡಿದ, ಮೂಗು ನೋಡಿದ, ತೂಗುಹಾಕಿದ ಕೈ ನೋಡಿದ.

“ಏನ್ರೀ ಆಯ್ತು ಇಲ್ಲಿ?”

ಐಸಣ್ಣ ಮೂಲೆಯಿಂದ, “ಡಾಕ್ಟ್ರಿರೋ ಸ್ಟೇಷನ್ ಯಾವಾಗ ಬರುತ್ತೆ ಸಾರ್?” ಅಂದ.

“ಬೆಳಗ್ಗೆ.”

“ಹಾಗಾದ್ರೆ ಬೆಳಗ್ಗೆ ಕೇಳಿ, ಹೇಳ್ತೀನಿ.”

ರೈಲು ಕುಲುಕಿದಾಗೆಲ್ಲ ಐಸಣ್ಣ ನರಳಿದ. ಒಂದೊಂದು ನರಳಿಕೆಗೂ ಬೀಳಪ್ಪ ಎಚ್ಚರವಾದ. ಅವನಿಗೆ ಮೂಗಿನಿಂದ ಉಸಿರಾಡಲು ಆಗುತ್ತಿರಲಿಲ್ಲ. ಪಟ್ಟಿ ಕಟ್ಟಿದ ಕೈ ಊದಿ ಹಲಸಿನ ತೊಳೆಯಾಗಿತ್ತು. ಆದರೆ ಅವನ ಕಿವಿಯೆಲ್ಲ ಅಕ್ಕನ ಎದೆಯ ಕಡೆಗಿತ್ತು. ಕೆಮ್ಮು ಮೊದಲು ಸಾಲುಸಾಲಾಗಿ ಬರುತ್ತಿತ್ತು, ಆಮೇಲೆ ಬಿಟ್ಟು ಬಿಟ್ಟು. ಬೆಳಕು ಹರಿಯುವ ಹೊತ್ತಿಗೆ ನಿಂತೇಹೋಯಿತು. ನಿಂತದ್ದು ಅದಕ್ಕಿಂತ ದೊಡ್ಡ ಭಯವಾಯಿತು.

ಹಣೆ ಮುಟ್ಟಿ ನೋಡಿದ. ಬೆರಳುಗಳಿಗೆ ಏನೂ ತಿಳಿಯಲಿಲ್ಲ. ಕಟ್ಟಿಗೆಯ ಹಾಗೆ ಮರಗಟ್ಟಿದ್ದವು. ಇನ್ನೊಂದು ಕೈಯೂ ನೆಲ ತಟ್ಟಿದ ಏಟಿಗೆ ಜೋಮು ಹಿಡಿದಿತ್ತು.

“ಅಣ್ಣ,” ಅಂದ ಪಿಸುಮಾತಿನಲ್ಲಿ. “ಎಚ್ಚರ ಇದ್ದೀಯಾ?”

“ನಿದ್ದೆ ಯಾವನಿಗೆ ಬರುತ್ತೋ?”

“ಅಕ್ಕನ ಹಣೆ ನೋಡು. ಜ್ವರ ಇದೆಯಾ?”

ಐಸಣ್ಣ ಹಲ್ಲು ಕಚ್ಚಿ ಒಳ್ಳೆ ಕೈ ಚಾಚಿ, ಅಂಗೈಯನ್ನು ಹಗುರವಾಗಿ ಅವಳ ಹಣೆಯ ಮೇಲಿಟ್ಟ.

“ಹೇಗೆ ಹೇಳಲಿ? ನನ್ನ ಕೈಗೆ ಲೋಕಕ್ಕೆಲ್ಲ ಜ್ವರ ಬಂದ ಹಾಗೇ ಇರುತ್ತೆ. ತಡಿ, ನಿನ್ನ ತಲೆ ತಾ ಈ ಕಡೆ.”

ಬೀಳಪ್ಪ ಅಕ್ಕನ ಮೇಲಿಂದ ತಲೆ ಬಗ್ಗಿಸಿದ. ಆ ಕೈ ಮೇಲೆದ್ದು ಮುಖದ ಹತ್ತಿರ ಬರುವಾಗ ಅವನ ಮೈ ಹಿಂದಕ್ಕೆ ಹಾರಲು ನೋಡಿತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತ. ಐಸಣ್ಣ ಅವನ ಹಣೆ ಮುಟ್ಟಿದ, ಅಕ್ಕನ ಹಣೆ ಮುಟ್ಟಿದ, ಮತ್ತೆ ಅವನದು ಮುಟ್ಟಿದ.

“ನಿನಗಿಂತ ಜಾಸ್ತಿ ಏನಿಲ್ಲ. ಸ್ವಲ್ಪ ಕಮ್ಮೀನೇ.”

“ಸರಿಯಾಗಿ ನೋಡು.”

“ನೋಡಿದೆ ಕಣೋ. ಬೆಚ್ಚಗಿದ್ದಾಳೆ, ಬಿಸಿ ಇಲ್ಲ.”

“ಇಬ್ರೂ ಕೈ ತೆಗೀತೀರಾ?” ಅಕ್ಕ ಕಣ್ಣು ತೆರೆಯದೆ ಗೊಣಗಿ, ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡಳು. “ಈಗ ತಾನೇ ನಿದ್ದೆ ಹತ್ತಿತ್ತು.”